ಲ್ಯಾಪ್‌ಟಾಪಿಗೆ ಇಟ್ಟ ಕುಂಕುಮ

ಸಾಮಾನು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಬ್ರಿಸ್ಬೇನಿನಲ್ಲಿ ಇಲ್ಲವೆಂದು ನಂಬಿದ್ದೆ. ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಆದರೆ ತೆಂಗಿನಕಾಯಿ ಅಲ್ಲಾಡಿಸಿ, ಪಾತ್ರೆಯನ್ನು ಕೈಯಲ್ಲಿ ತೂಗಿ, ಅದರ ಯೋಗ್ಯತೆ ಹೇಳಬಲ್ಲೆ.

ಪರ್ತ್‌ನಲ್ಲಿ ಮಗಳು ಹಡೆದಿದ್ದಳು. ಭಾನುವಾರ ನಾಮಕರಣ. ಮೊಣಕಾಲಿನ ಆಪರೇಷನ್ ಆಗಿ ನಾನು ವಿಮಾನ ಹತ್ತುವಂತಿರಲಿಲ್ಲ. ಫೋನಿನಲ್ಲಿ ನೋಡಿದರೆ ಮೊಮ್ಮಗ ಕಡಲೆಕಾಳಿನಷ್ಟು ಕಾಣುತ್ತಾನೆ. ಉಳಿದದ್ದು ನನ್ನ ಹಳೆಯ ಲ್ಯಾಪ್‌ಟಾಪು. ಅದೋ, ಗುಂಡಿ ಒತ್ತಿ ನಾನು ಸ್ನಾನ ಮಾಡಿ ತಲೆ ಬಾಚಿಕೊಂಡು ಬಂದರೆ ಆಗ ಕಣ್ಣು ಬಿಡುತ್ತಿತ್ತು. ಹೊಸದು ನನಗೆ ಬೇಡ. ಎಲ್ಲೆಲ್ಲಿ ಒತ್ತಬೇಕೋ ಅಲ್ಲೆಲ್ಲ ಸೊಸೆ ವೀಣಾ ನನ್ನ ಬಿಂದಿಗಳನ್ನೇ ಅಂಟಿಸಿ ಕೊಟ್ಟಿದ್ದಾಳೆ.

“ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಅನ್ನೋ ಹೊಸ ಥರದ ಡಿಸ್ಕ್ ಹಾಕಿದ್ರೆ ಕುದುರೆ ಥರ ಓಡುತ್ತೆ ಅಮ್ಮ. ಹಗುರವಾಗಿರುತ್ತೆ, ನೋಡಿ ತನ್ನಿ” ಎಂದ ಮಗ ರವಿ.

ಅತ್ತೆ ಸೊಸೆ ಅಂಗಡಿಗೆ ಹೋದೆವು. ಅಂಗಡಿಯವನು ತೋರಿಸಿದ ಎಸ್‌ಎಸ್‌ಡಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಸದ್ದಿಲ್ಲ. ತೂಗಿದೆ. ಖಾಲಿ ಬೆಂಕಿಪೊಟ್ಟಣ! ಪಕ್ಕದಲ್ಲೇ ಇನ್ನೊಂದು ಡಬ್ಬಿ ಗಟ್ಟಿಯಾಗಿ ಕೈತುಂಬ ಕೂತಿತು.

“ಅತ್ತೆ, ರವಿ ಹೇಳಿದ್ದು ಹಗುರದ್ದು.”

“ರವಿ ಯಾವತ್ತಾದ್ರೂ ಒಂದು ಪಾತ್ರೆ ಕೊಂಡಿದ್ದಾನೇನೇ?”

ವೀಣಾ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು. ಆದರೂ ನನ್ನ ಮಾತಿಗೆ ಎದುರಾಡದೆ ಗಟ್ಟಿಯದಕ್ಕೇ ದುಡ್ಡು ಕೊಟ್ಟಳು. ಮನೆಯಲ್ಲಿ ರವಿ ಡಬ್ಬಿ ಬಿಚ್ಚಿ, “ಅಮ್ಮ, ಇದು ನಮ್ಮ ಹಳೇ ಡಿಸ್ಕಿನ ಖಾಸಾ ತಮ್ಮ” ಎಂದ.

ಮಾರನೆಯ ದಿನ ವೀಣಾ ಒಬ್ಬಳೇ ಹೋಗಿ ಬದಲಾಯಿಸಿ ತಂದಳು. ನನ್ನನ್ನು ಕರೆಯಲಿಲ್ಲ. ಸರಿಯಾಗಿಯೇ ಮಾಡಿದಳು.

ಹೊಸ ವಸ್ತುವನ್ನು ಪೂಜೆ ಮಾಡದೆ ಬಳಸುವುದುಂಟೇ? ದೇವರ ಮುಂದಿಟ್ಟೆ. ಅದರ ತುದಿಯಲ್ಲಿ ಬಂಗಾರದ ಬಣ್ಣದ ಸಣ್ಣ ಹಲ್ಲುಗಳ ಸಾಲಿತ್ತು. ಅದೇ ಮುಖವಿರಬೇಕೆಂದು ಅಲ್ಲಿಗೇ ಅರಿಶಿನ ಕುಂಕುಮ ಕಲಸಿ ಧಾರಾಳವಾಗಿ ಹಚ್ಚಿದೆ.

ಶನಿವಾರ ಸಂಜೆ ರವಿ ಅದನ್ನು ಜೋಡಿಸಲು ಕೂತ. ಕಂಪ್ಯೂಟರು ಅದನ್ನು ಗುರುತೇ ಹಿಡಿಯಲಿಲ್ಲ. ಹೊರಗೆ ತೆಗೆದು ನೋಡಿದ. ಆಮೇಲೆ ನನ್ನನ್ನು ನೋಡಿದ.

“ಅಮ್ಮ, ಕರೆಂಟ್ ಹೋಗೋ ಜಾಗ ಇದು.”

ನನಗೆ ಅಳುವೇ ಬಂತು. ಬೆಳಗಾದರೆ ನಾಮಕರಣ. ವೀಣಾ ಇಂಜೆಕ್ಷನ್‌ಗೆ ಮುಂಚೆ ಒರೆಸುವ ಸ್ಪಿರಿಟ್ಟನ್ನು ಹತ್ತಿಯ ಕಡ್ಡಿಗೆ ಹಚ್ಚಿ, ಹಸುಗೂಸಿನ ಕಿವಿ ಒರೆಸಿದಂತೆ ಆ ಹಲ್ಲುಗಳನ್ನೆಲ್ಲ ಒರೆಸಿದಳು.

“ಪೇಷಂಟ್ ಬದುಕ್ಕೊಂಡ್ರು ಅತ್ತೆ” ಎಂದಳು. ಇಂಥ ಸೊಸೆ ಸಿಗಲು ನಾನು ಯಾವ ಪುಣ್ಯ ಮಾಡಿದ್ದೆನೋ!

ರವಿ ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿಸಿ, ಲ್ಯಾಪ್‌ಟಾಪು ತೆರೆದ ಕೂಡಲೇ ಮಗಳ ಮನೆಗೆ ಕರೆ ಹೋಗುವಂತೆ ಮಾಡಿಟ್ಟ.

ಭಾನುವಾರ ಅಭ್ಯಾಸಬಲದಿಂದ ಗುಂಡಿ ಒತ್ತಿ, ಹೇಗೂ ಹೊತ್ತಿದೆಯಲ್ಲ ಎಂದು ಹಲ್ಲಿನ ಸೆಟ್ಟನ್ನು ತೊಳೆಯಲು ಬಟ್ಟಲಿಗೆ ಹಾಕಿ, ತಲೆಗೆ ಎಣ್ಣೆ ತಟ್ಟಿಕೊಳ್ಳತೊಡಗಿದೆ.

“ಅಮ್ಮಾ, ಎಲ್ಲರೂ ನೋಡ್ತಿದಾರೆ. ಹಲ್ಲು ಹಾಕ್ಕೋ” ಎಂದಿತು ಲ್ಯಾಪ್‌ಟಾಪು.

ಪರ್ತ್‌ನ ನೆಂಟರೆಲ್ಲ ಪರದೆ ತುಂಬ ಕೂತಿದ್ದರು! ತೊಟ್ಟಿಲಲ್ಲಿ ಮೊಮ್ಮಗ, ತಟ್ಟೆಯಷ್ಟಗಲ ಮುಖ. ಹಲ್ಲು ಹುಡುಕಲು ಎದ್ದರೆ ಹೆಸರಿಡುವುದು ತಪ್ಪಿಹೋದೀತು. ಏಳಲಿಲ್ಲ. ಮಗುವಿನ ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಾಗ ಮಗು ಬಾಯಿ ಅಗಲಿಸಿ ಆಕಳಿಸಿತು. ನಾನೂ ಬಾಯಿ ಅಗಲಿಸಿ ನಕ್ಕೆ.

ಆ ಗಳಿಗೆಯ ಫೋಟೋ ಈಗ ಎರಡೂ ಮನೆಯ ಗೋಡೆಯ ಮೇಲಿದೆ. ಮಗು ಅಜ್ಜಿಯನ್ನೇ ಹೋಲುತ್ತದೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ಇಬ್ಬರಿಗೂ ಒಂದೂ ಹಲ್ಲಿಲ್ಲ.