ಸೊಂಟದಲ್ಲಿ ಏನಿದೆ ಅಂತ ಕೇಳೋದು ಹೇಗೆ?

ನಮ್ಮ ಕನ್ನಡ ಸಂಘದಲ್ಲಿ ವರ್ಷಕ್ಕೊಂದಾದರೂ ದೊಡ್ಡ ಚರ್ಚೆ ನಡೆಯದಿದ್ದರೆ ಯಾರಿಗೂ ಸಮಾಧಾನ ಇರುವುದಿಲ್ಲ. ನಾನು ಕಾರ್ಯದರ್ಶಿಯಾದ ಮೊದಲ ವರ್ಷ, ಬಿಸಿಬೇಳೆಬಾತಿಗೆ ಆಲೂಗಡ್ಡೆ ಹಾಕಬೇಕೋ ಬೇಡವೋ ಅನ್ನುವುದಕ್ಕೇ ಮೂರು ಮೀಟಿಂಗು ಆದವು. ಎರಡನೇ ವರ್ಷ ಬಂದದ್ದು ಅದಕ್ಕಿಂತ ದೊಡ್ಡದು: ಗುಂಡು ತುಂಬಿದ ಪಿಸ್ತೂಲನ್ನು ಅಂಗಿಯ ಕೆಳಗೆ ಸಿಕ್ಕಿಸಿಕೊಂಡು ಸಂಘದ ಹಾಲಿಗೆ ಬರಬಹುದೋ, ಬಾರದೋ. ಯುಗಾದಿಯಿಂದ ರಾಜ್ಯೋತ್ಸವದವರೆಗೆ ಬೇರೆ ಮಾತೇ ಇರಲಿಲ್ಲ. ಫ್ರೀವೇಯಲ್ಲಿ ಕಾರು ಓಡಿಸುವಾಗಲೂ ನಾನು ಒಬ್ಬಳೇ ಜೋರಾಗಿ ವಾದ ಮಾಡುತ್ತಿದ್ದೆ; ಪಕ್ಕದ ಲೇನಿನವರು ನಾನು ಹಾಡು ಹೇಳುತ್ತಿದ್ದೇನೆ ಅಂದುಕೊಂಡಿರಬೇಕು.

ಮಂಡಿನೋವು

ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ ನಮ್ಮ ಸಂಘಕ್ಕೆ ಒಂದು ಹಾಲಿದೆ. ಹಿಂದೆ ಅದು ಸೋಫಾ, ಮಂಚ ತುಂಬಿಡುವ ಗೋದಾಮಾಗಿತ್ತು. ಹಬ್ಬದ ಊಟ ಅಲ್ಲಿ ನೆಲದ ಮೇಲೆ ಪಂಕ್ತಿಯಲ್ಲೇ ಆಗಬೇಕು ಅನ್ನುವುದು ನಮ್ಮೆಲ್ಲರ ಹಠ. ಎಲ್ಲರೂ ಕೂರುತ್ತಿದ್ದರು, ಒಬ್ಬರನ್ನು ಬಿಟ್ಟು. ಅವರು ಮಂಡ್ಯ ಕಡೆಯವರು, ಹತ್ತಿರದಲ್ಲೇ ಇಂಡಿಯನ್ ಗ್ರೋಸರಿ ಅಂಗಡಿ ಇಟ್ಟಿದ್ದಾರೆ. ನಾವೆಲ್ಲ ಅಂಗಡಿ ಯಜಮಾನರು ಅಂತಲೇ ಕರೆಯುತ್ತೇವೆ. ಸಂಕ್ರಾಂತಿಗೂ ಅವರು ಗೋಡೆಗೆ ಒರಗಿ ನಿಂತೇ ಉಂಡರು, ಯುಗಾದಿಗೂ ತಟ್ಟೆ ಹಿಡಿದು ನಿಂತೇ ಇದ್ದರು.

ಮಂಡಿನೋವು ಅಂತ ನಾವೇ ತೀರ್ಮಾನ ಮಾಡಿದ್ದೆವು. ಒಬ್ಬರು ಎಳ್ಳೆಣ್ಣೆ ಹೇಳಿದರು, ಇನ್ನೊಬ್ಬರು ಫಿಸಿಯೋಥೆರಪಿಸ್ಟಿನ ನಂಬರು ಕೊಟ್ಟರು. ಅವರು ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಯುಗಾದಿಯ ದಿನ ನನ್ನ ಗಂಡ, ಕೂರಿಸಿಯೇ ತೀರುತ್ತೇನೆ ಅಂತ ಹೋಗಿ ಅವರ ಸೊಂಟ ಹಿಡಿದ. ಕೈಗೆ ಗಟ್ಟಿಯಾಗಿ ಏನೋ ತಗುಲಿತು. ಇದೇನು ಸರ್, ಬೆಲ್ಟಾ ಅಂತ ಕೇಳಿದ.

ಯಜಮಾನರು ತಗ್ಗಿದ ದನಿಯಲ್ಲಿ, "ಪಿಸ್ತೂಲು ಕಣಪ್ಪ. ಲೈಸೆನ್ಸ್ ಐತೆ. ಚಕ್ಕಂಬಕ್ಕಲ ಹಾಕ್ಕಂಡು ಕೂತ್ರೆ ಒತ್ತುತ್ತೆ" ಅಂದರು.

ಎರಡೂ ಪಕ್ಕದ ಎಲೆಗಳು ಹೋಳಿಗೆಯ ಸಮೇತ ಒಂದೊಂದು ಮಾರು ದೂರ ಸರಿದವು. ಸರಿಯದೆ ಉಳಿದವರು ಒಬ್ಬರೇ: ನಮ್ಮ ಅಧ್ಯಕ್ಷರ ತಾಯಿ. ಹುಬ್ಬಳ್ಳಿಯವರು, ಕಿವಿ ಸ್ವಲ್ಪ ಮಂದ. ಅವರು ಯಜಮಾನರ ಸೊಂಟವನ್ನೇ ಆಸೆಯಿಂದ ನೋಡುತ್ತಾ ಕೇಳಿದರು: "ಅದನ್ನ ಕಟ್ಟಿದ ಮ್ಯಾಲೆ ನೋವು ಕಡಿಮಿ ಆಗೇತೇನ್ರಿ? ಹಂಗಿದ್ರ ನನಗೂ ಒಂದು ತರಿಸಿಕೊಡ್ರಿ."

ಅಡುಗೆಮನೆಯ ಗಡಿ

ಮುಂದಿನ ಶನಿವಾರವೇ ಡ್ಯಾನ್‌ವಿಲ್‌ನಲ್ಲಿರುವ ಅಧ್ಯಕ್ಷರ ಮನೆಯಲ್ಲಿ ತುರ್ತು ಮೀಟಿಂಗು. ಅಧ್ಯಕ್ಷರು ಕಾನೂನನ್ನು ಓದಿಕೊಂಡು ಬಂದಿದ್ದರು. ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಅಂಗಿಯ ಕೆಳಗೆ ಇಟ್ಟುಕೊಂಡು ಹೊರಗೆ ಓಡಾಡಬಹುದಂತೆ. ಶಾಲೆ, ಕೋರ್ಟು ಇಂಥ ಕಡೆ ಕೂಡದಂತೆ. ಇನ್ನು ಕೆಲವು ಜಾಗಗಳ ಬಗ್ಗೆ ಕೋರ್ಟಿನಲ್ಲಿ ಹಗ್ಗಜಗ್ಗಾಟ ನಡೀತಾನೇ ಇದೆಯಂತೆ. ನಮ್ಮ ಹಾಲು ನಮ್ಮದು, ಹಾಗಾಗಿ ಬೇಡ ಅನ್ನುವ ಹಕ್ಕು ನಮಗಿದೆ. ಪ್ರಶ್ನೆ ಅಂದರೆ, ಎಲ್ಲೆಲ್ಲಿ ಬೇಡ?

ಅಧ್ಯಕ್ಷರು ಹಾಲಿನ ನಕ್ಷೆಯನ್ನು ಟಿವಿಯ ಮೇಲೆ ಹಾಕಿದರು. ಪಾರ್ಕಿಂಗ್ ಲಾಟು ಆಗಬಹುದು ಅಂತ ನಾಲ್ಕು ಜನ, ಬೇಡ ಅಂತ ಮೂರು ಜನ. ವೇದಿಕೆಯ ಮೇಲೆ ಬೇಡ. ಆದರೆ ಸನ್ಮಾನ ಯಜಮಾನರಿಗೇ ಆದರೆ? ಶಾಲು ಹೊದಿಸುವವರು ಯಾರು? ಹೀಗೆ ಒಂದೊಂದು ಗೋಡೆಗೂ ಅರ್ಧ ಗಂಟೆ. ನನಗೂ ಉತ್ಸಾಹ ತಡೆಯದೆ, ಕಾರ್ಯದರ್ಶಿ ಅನ್ನುವುದನ್ನು ಮರೆತು ಎದ್ದು ನಿಂತು ಮಾತಾಡಿದೆ. ಬರೆದುಕೊಳ್ಳಬೇಕಾದ ವರದಿಯಲ್ಲಿ ಆ ಜಾಗ ಇವತ್ತಿಗೂ ಖಾಲಿ.

ಕೊನೆಗೆ ಎದ್ದವರು ಅಡುಗೆಯ ಉಸ್ತುವಾರಿ ನೋಡಿಕೊಳ್ಳುವ ಅಕ್ಕ. ಹಾಸನದವರು. ಮುನ್ನೂರು ಜನರಿಗೆ ಸಾರು ಮಾಡಿಯೂ ಬೆವರದವರು. ಹಾಲಿನಲ್ಲಿ ಏನಾದರೂ ಮಾಡಿಕೊಳ್ಳಿ, ಅಡುಗೆಮನೆಯೊಳಗೆ ಮಾತ್ರ ಅದು ಬರಕೂಡದು ಅಂದರು. ಗ್ಯಾಸ್ ಇರುತ್ತೆ, ಬೆಂಕಿ ಇರುತ್ತೆ ಅಂತಲೇ ತಾನೇ ಅಂತ ಅಧ್ಯಕ್ಷರು ಕೇಳಿದರು.

"ಅದಕ್ಕಲ್ಲ" ಅಂದರು ಅಕ್ಕ. "ಪ್ರತೀ ಸಲ ಒಳಗೆ ಬಂದು ಸಾರಿಗೆ ಉಪ್ಪು ಕಮ್ಮಿ ಅನ್ನೋದು ಅವರೇ. ಸೊಂಟದಲ್ಲಿ ಅದನ್ನಿಟ್ಟುಕೊಂಡು ಅಂದರೆ ನಾನು ಇಲ್ಲ ಅಂತ ಹೇಗೆ ವಾದ ಮಾಡಲಿ?"

ಶಾಲೆ ಅಂದರೆ ಏನು

ಸಮಿತಿಯ ಒಬ್ಬರಿಗೆ ಒಂದು ಉಪಾಯ ಹೊಳೆಯಿತು. ಭಾನುವಾರ ಬೆಳಿಗ್ಗೆ ಅದೇ ಹಾಲಿನಲ್ಲಿ ಮಕ್ಕಳ ಕನ್ನಡ ತರಗತಿ ನಡೆಯುತ್ತದೆ. ಪಾಠ ಮಾಡುವವಳು ನಾನೇ. ಪಾಠ ನಡೆದರೆ ಅದು ಶಾಲೆ. ಶಾಲೆಯಲ್ಲಿ ಪಿಸ್ತೂಲು ಕಾನೂನಿನ ಪ್ರಕಾರವೇ ಕೂಡದು. ಅಲ್ಲಿಗೆ ಜಗಳವೇ ಮುಗಿಯಿತು. ಕೇಳಿ ನನಗೆ ರೋಮಾಂಚನವಾಯಿತು. ಹತ್ತು ವರ್ಷದಿಂದ ಪಾಠ ಮಾಡುತ್ತಿದ್ದರೂ ಅದನ್ನು ಶಾಲೆ ಅಂತ ಕರೆದವರು ಯಾರೂ ಇರಲಿಲ್ಲ.

ಯಜಮಾನರ ಪರವಾಗಿದ್ದವರು ಒಪ್ಪಲಿಲ್ಲ. ವಾರಕ್ಕೆ ಒಂದೂವರೆ ಗಂಟೆ ನಡೆದದ್ದೆಲ್ಲ ಶಾಲೆಯಾದರೆ ಜುಂಬಾ ಕ್ಲಾಸೂ ಶಾಲೆಯೇ ಅಂದರು. ಮಕ್ಕಳನ್ನೇ ಕೇಳಿ ನೋಡೋಣ ಅಂತ ಎಲ್ಲರೂ ಒಪ್ಪಿ, ಮುಂದಿನ ಭಾನುವಾರ ತರಗತಿಗೆ ಬಂದರು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಬೋರ್ಡಿನ ಮೇಲೆ ಕಾಗುಣಿತ ಬರೆದು ತಯಾರಾಗಿದ್ದೆ.

ಅಧ್ಯಕ್ಷರು ಮುಂದಿನ ಸಾಲಿನ ಹುಡುಗಿಯನ್ನು ಪ್ರೀತಿಯಿಂದ ಕೇಳಿದರು: "ಏನವಾ, ಇದು ಸಾಲಿ ಹೌದಲ್ಲ?"

ಆ ಹುಡುಗಿ ಒಂಬತ್ತು ವರ್ಷದವಳು. ಒಂದು ಕ್ಷಣ ಯೋಚಿಸಿ ಪ್ರಾಮಾಣಿಕವಾಗಿ ಹೇಳಿದಳು: "ನೋ ಅಂಕಲ್. ಇನ್ ಸ್ಕೂಲ್ ವಿ ಲರ್ನ್ ಥಿಂಗ್ಸ್."

ಅವಳು ನನ್ನ ಮಗಳು.

ಆಗ್ನೇಯ

ರಾಜ್ಯೋತ್ಸವದ ದಿನ ಸರ್ವಸದಸ್ಯರ ಸಭೆಯಲ್ಲಿ ಮತ ಹಾಕೋಣ, ಅಲ್ಲಿಯವರೆಗೆ ತಾತ್ಕಾಲಿಕವಾಗಿ ಬೇಡ ಅಂತ ಬೋರ್ಡು ಹಾಕೋಣ ಅಂತಾಯಿತು. ಕನ್ನಡ ಸಂಘದ ಬೋರ್ಡು ಕನ್ನಡದಲ್ಲೇ ಇರಬೇಕಲ್ಲ. ಬರೆಯುವ ಕೆಲಸ ಅಧ್ಯಕ್ಷರ ತಂದೆಗೆ ಹೋಯಿತು. ಊರಿನಲ್ಲಿ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಪಿಸ್ತೂಲು ಅನ್ನುವುದು ಕನ್ನಡ ಅಲ್ಲ ಅಂತ ಹಟ ಹಿಡಿದು, ನಾಲ್ಕು ದಿನ ಕೂತು, ದುಂಡು ಅಕ್ಷರದಲ್ಲಿ ಬರೆದುಕೊಟ್ಟರು: "ಗುಪ್ತ ಆಗ್ನೇಯಾಸ್ತ್ರಧಾರಿಗಳಿಗೆ ಈ ದ್ವಾರದಿಂದ ಪ್ರವೇಶವಿಲ್ಲ."

ಮುಂದಿನ ಕಾರ್ಯಕ್ರಮಕ್ಕೆ ನಾನು ಮುಂಬಾಗಿಲಲ್ಲಿ ಹೆಸರು ಬರೆದುಕೊಳ್ಳಲು ಕೂತೆ. ಅರ್ಧ ಗಂಟೆಯಾದರೂ ಒಬ್ಬರೂ ಬರಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಕಾರುಗಳು ತುಂಬಿವೆ. ಜನ ಬೋರ್ಡಿನ ತನಕ ಬರುತ್ತಾರೆ, ಬಾಯಿ ಆಡಿಸುತ್ತಾ ಓದುತ್ತಾರೆ, ಗಂಭೀರವಾಗಿ ತಲೆಯಾಡಿಸಿ ಹಿಂದೆ ಹೋಗುತ್ತಾರೆ. ಕೊನೆಗೆ ಒಬ್ಬ ತಾಯಿಯನ್ನು ಅಡ್ಡಗಟ್ಟಿ ಯಾಕೆ ಅಂತ ಕೇಳಿದೆ. ಅವರು, ಬಾಗಿಲು ಆಗ್ನೇಯದಲ್ಲಿದೆ, ವಾಸ್ತು ಸರಿಯಿಲ್ಲ, ಪ್ರವೇಶವಿಲ್ಲ ಅಂತ ನೀವೇ ಹಾಕಿದ್ದೀರಲ್ಲ, ಒಳ್ಳೆಯದೇ ಮಾಡಿದಿರಿ ಅಂದರು. ಅವರ ಮನೆಯಲ್ಲೂ ಅದೇ ತೊಂದರೆಯಂತೆ.

ನಾನು ಹಿಂದಕ್ಕೆ ಓಡಿದೆ. ನೂರಕ್ಕೂ ಹೆಚ್ಚು ಜನ ರೇಷ್ಮೆ ಸೀರೆ, ಜುಬ್ಬಾದಲ್ಲಿ ಹಿಂಬಾಗಿಲಿನಿಂದ ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು. ಹಿಂಬಾಗಿಲು ತೆರೆಯುವುದು ಅಡುಗೆಮನೆಗೆ. ಒಲೆಯ ಪಕ್ಕ ಸೌಟು ಹಿಡಿದು ನಿಂತಿದ್ದ ಅಕ್ಕ ನನ್ನನ್ನು ನೋಡಿ ಅಂದರು: "ಒಂದು ಪಿಸ್ತೂಲು ಬೇಡ ಅಂದಿದ್ದಕ್ಕೆ ಇಡೀ ಸಂಘವನ್ನೇ ಒಳಗೆ ಬಿಟ್ಟೆಯಲ್ಲಮ್ಮ."

ಬೋರ್ಡನ್ನು ಅವತ್ತೇ ಇಳಿಸಿದೆವು.

ರಾಜ್ಯೋತ್ಸವದ ಮಧ್ಯಾಹ್ನ

ಹಾಡು, ಭಾಷಣ, ಊಟ ಮುಗಿದ ಮೇಲೆ ಸಭೆ ಶುರುವಾಯಿತು. ಅಷ್ಟು ಜನ ಸೇರಿದ ಸಭೆಯನ್ನು ನಾನು ನೋಡಿರಲಿಲ್ಲ. ಕೈ ಎತ್ತಿದವರ ಹೆಸರು ಬರೆದುಕೊಂಡು ಸರದಿಯ ಪ್ರಕಾರ ಮೈಕು ಕೊಡುವ ಕೆಲಸ ನನ್ನದು.

ಮೊದಲು ಯಜಮಾನರು ಮಾತಾಡಿದರು. ಅವತ್ತು ಹೇಳಿದ್ದನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹಿಂದಿನ ವರ್ಷ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಮೆಂತ್ಯಸೊಪ್ಪಿನ ಕಟ್ಟು ತೂಗುತ್ತಿದ್ದಾಗ ಒಬ್ಬ ಬಂದು ಮುಖಕ್ಕೆ ಪಿಸ್ತೂಲು ಹಿಡಿದನಂತೆ. ಹೆಂಡತಿ ಒಳಗೆ ಅಕ್ಕಿ ಮೂಟೆ ಜೋಡಿಸುತ್ತಿದ್ದರು. ಕೇಳಿದ್ದೆಲ್ಲ ಕೊಟ್ಟ ಮೇಲೂ ಅವನು ಸ್ವಲ್ಪ ಹೊತ್ತು ಹಾಗೇ ನಿಂತಿದ್ದನಂತೆ. "ಅಷ್ಟೊತ್ತೂ ನಾನು ಸೊಪ್ಪಿನ ಕಟ್ಟ ಬಿಡ್ನೇ ಇಲ್ಲ ಕಣ್ರಪ್ಪ" ಅಂದರು. "ಕೈಲಿ ಹಿಡ್ಕಳಕ್ಕೆ ಬ್ಯಾರೆ ಏನೂ ಇರ್ನಿಲ್ಲ."

ಆಮೇಲೆ ಎಮರಿವಿಲ್‌ನಲ್ಲಿ ಕೆಲಸ ಮಾಡುವ ಒಬ್ಬ ಎಳೆಯ ತಾಯಿ ಎದ್ದರು. ಯಾರಾದರೂ ಬಂದೂಕು ಹಿಡಿದು ನುಗ್ಗಿದರೆ ಅಂತ, ಅವರ ಆರು ವರ್ಷದ ಮಗಳಿಗೆ ಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಅಡಗಿ ಕೂರುವ ಅಭ್ಯಾಸ ಮಾಡಿಸುತ್ತಾರೆ. ಅವಳು ಯಾವ ಹೊಸ ಜಾಗಕ್ಕೆ ಹೋದರೂ ಎಲ್ಲಿ ಅಡಗಬಹುದು ಅಂತ ಮೊದಲು ನೋಡುತ್ತಾಳಂತೆ. ಈ ಹಾಲಿನಲ್ಲಿ ಮಾತ್ರ ಹಾಗೆ ನೋಡಿಲ್ಲ, ಅಷ್ಟನ್ನು ಉಳಿಸಿಕೊಡಿ ಅಂದರು. ಯಜಮಾನರೂ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಶುರುವಾದ ಚರ್ಚೆ ಮೂರು ಗಂಟೆ ನಡೆಯಿತು. ಜನ ಕುರ್ಚಿಯ ತುದಿಯಲ್ಲೇ ಕೂತಿದ್ದರು. ನನಗೆ ಒಂದು ಸಲ ಈ ಕಡೆಯವರು ಸರಿ ಅನ್ನಿಸುತ್ತಿತ್ತು, ಮರುಕ್ಷಣ ಆ ಕಡೆಯವರು. ಕೊನೆಗೆ ಮತಕ್ಕೆ ಹಾಕುವ ಮುಂಚೆ ಯಾರೋ ಕೇಳಿದರು: ಈಗ, ಇಲ್ಲಿ, ಅವರ ಹತ್ತಿರ ಅದು ಇದೆಯೋ ಇಲ್ಲವೋ? ಅಧ್ಯಕ್ಷರು ಮೈಕಿನಲ್ಲಿ ಅದನ್ನೇ ಮರ್ಯಾದೆಯಿಂದ ಕೇಳಿದರು.

ಯಜಮಾನರ ಕೈ ಅಭ್ಯಾಸಬಲದಿಂದ ಸೊಂಟಕ್ಕೆ ಹೋಯಿತು. ಅಲ್ಲೇ ನಿಂತಿತು. ಇನ್ನೊಂದು ಪಕ್ಕವನ್ನೂ ತಟ್ಟಿ ನೋಡಿಕೊಂಡರು.

"ಇಲ್ಲ" ಅಂದರು.

ಎಲ್ಲರೂ ಸಮಾಧಾನದ ಉಸಿರು ಬಿಟ್ಟೆವು. ಆಮೇಲೆ ನಿಧಾನಕ್ಕೆ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಹಾಗಾದರೆ ಗುಂಡು ತುಂಬಿದ ಪಿಸ್ತೂಲು ಎಲ್ಲಿದೆ?

ಮುಂದಿನ ಹತ್ತು ನಿಮಿಷ ನೋಡಬೇಕಿತ್ತು. ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಹೊರಗೆ. ಆತ್ಮರಕ್ಷಣೆ ಜನ್ಮಸಿದ್ಧ ಹಕ್ಕು ಅಂತ ಇಪ್ಪತ್ತು ನಿಮಿಷ ಮಾತಾಡಿದ್ದವರು ಎಲ್ಲರಿಗಿಂತ ಮೊದಲು ಹೊರಗೆ. ಪಿಸ್ತೂಲಿನ ನೆರಳೂ ಬೀಳಬಾರದು ಅಂದಿದ್ದವರು ನೆಲದ ಮೇಲೆ ಬಗ್ಗಿ ಕುರ್ಚಿಗಳ ಕೆಳಗೆ ಹುಡುಕುತ್ತಿದ್ದಾರೆ. ಒಬ್ಬರು ಪಾಯಸದ ಪಾತ್ರೆಯನ್ನೂ ಕದಡಿ ನೋಡಿದರು. ಯಜಮಾನರು ಕಾರು, ಬಾತ್‌ರೂಮು, ಕೋಟುಗಳ ರಾಶಿ ಎಲ್ಲ ನೋಡಿ ಬಂದು, ಪೊಲೀಸರಿಗೆ ಫೋನ್ ಮಾಡಲೇಬೇಕು ಅಂತ ಫೋನು ತೆಗೆದರು.

ಆಗ ಯಾರೋ ಕೆಳಗಿಟ್ಟು ಓಡಿದ್ದ ಮೈಕನ್ನು ಅವರ ಹೆಂಡತಿ ಎತ್ತಿಕೊಂಡರು. ಸ್ವಲ್ಪವೂ ಗಾಬರಿಯಿಲ್ಲದೆ ಗಂಡನ ಕಡೆ ನೋಡಿ ಹೇಳಿದರು: "ಬೆಳಿಗ್ಗೆ ಪಂಚೆ ಉಟ್ಕಂಡು, ಇದ್ರಲ್ಲಿ ಅದು ನಿಲ್ಲಾಕಿಲ್ಲ ಅಂತ ನೀವೇ ತಾನೇ ಮನೆ ಸೇಫಲ್ಲಿ ಮಡಗಿ ಬೀಗ ಹಾಕುದ್ದು? ಅದನ್ನೇ ಹೇಳಾನ ಅಂತ ಊಟ ಆದಾಗಿಂದ ಕೈ ಎತ್ಕಂಡು ಕೂತಿವ್ನಿ. ಯಾರೂ ಮೈಕೇ ಕೊಡ್ನಿಲ್ಲ."

ಯಜಮಾನರು ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತು, ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡರು. ಹೊರಗಿದ್ದವರೆಲ್ಲ ಒಳಗೆ ಬಂದ ಮೇಲೆ ಮತ ಹಾಕಿದೆವು. ಹಾಲಿನೊಳಗೆ ಬೇಡ ಅಂತ ಮೊದಲು ಕೈ ಎತ್ತಿದವರು ಅವರೇ. ಅಂಗಡಿಯಲ್ಲಿ ಇರಲಿ, ಇಲ್ಲಿ ನೀವೆಲ್ಲ ಇದ್ದೀರಲ್ಲ ಅಂದರು.

ಮನೆಗೆ ಬಂದು ವರದಿ ಬರೆಯಲು ನನ್ನ ಸರದಿ ಪಟ್ಟಿ ತೆಗೆದೆ. ಯಜಮಾನರ ಹೆಂಡತಿಯ ಹೆಸರು ಅದರಲ್ಲಿತ್ತು. ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಅವರೇ. ಗಂಡ ಹೇಳಿದ್ದನ್ನೇ ಹೇಳುತ್ತಾರೆ ಬಿಡು ಅಂದುಕೊಂಡು, ಆ ಹೆಸರನ್ನು ಹೊಡೆದು ಪುಟದ ಕೊನೆಗೆ ಬರೆದಿದ್ದೆ. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಇತ್ತು: "ಸಮಯ ಉಳಿದರೆ."