ತುಕ್ಕಿನ ತಕರಾರು

ಕಬ್ಬಿಣ ಮಾರುವವನ ಅಂಗಡಿಗೆ ತುಕ್ಕಿನ ತಕರಾರು ಬಾರದ ಸಂತೆಯಿಲ್ಲ. ಗಾಳಿ, ನೀರು ಎರಡೂ ಕೂಡಿ ಬಂದರೆ ಎಂಥ ಕಬ್ಬಿಣವೂ ಕೆಂಪಾಗುತ್ತದೆ. ಅವೆರಡರಿಂದ ಕಾಯುವುದು ಕೊಂಡವರ ಕೆಲಸ. ಆದರೆ ಗದಗಿನ ಪೇಟೆಯಲ್ಲಿ ಎದುರು ಅಂಗಡಿಯವನು ನನ್ನದು ಹುಳುಕು ಮಾಲೆಂದು ಸಾರತೊಡಗಿದ್ದ. ಅಂಗಡಿಯ ಹೆಸರಿಗೇ ಕುತ್ತು. ನಾನೂ ಹಟ ಹಿಡಿದೆ. ತುಕ್ಕು ಹಿಡಿಸಿ ತಂದ ಮಾಲನ್ನು ಬದಲಿಸಿ ಕೊಡುವುದಿಲ್ಲ, ಮುಚ್ಚಿಡುವುದೂ ಇಲ್ಲ. ಬಾಗಿಲಿಗೇ ತೂಗುಹಾಕಿ, ಕೇಳಿದವರಿಗೆಲ್ಲ ಅದರ ಕಥೆ ಹೇಳುವುದು.

ಬಕೀಟಿನ ಅಂಗಿ

ಮೊದಲು ತೂಗಿದ್ದು ಹಮ್ಮಿಗಿಯ ಹೆಣ್ಣುಮಗಳೊಬ್ಬಳ ಬಕೀಟು. ತುಕ್ಕು ತಡೆಯುವ ಜಸ್ತದ ಲೇಪ ಇದ್ದ ಹೊಸ ಮಾಲು. ಅದು ಮಬ್ಬಾಗಿದೆಯೆಂದು ಆಕೆ ಹುಣಸೆಹಣ್ಣು, ಇಟ್ಟಂಗಿಪುಡಿ ಹಚ್ಚಿ ದಿನಾ ತಿಕ್ಕಿದ್ದಳು. ಲೇಪ ಹೋಯಿತು, ತುಕ್ಕು ಬಂತು. ಗಂಡನನ್ನು ಹಿಂದಿಟ್ಟುಕೊಂಡು ಜಗಳಕ್ಕೆ ಬಂದಳು.

"ಅದು ಕೊಳಿ ಅಲ್ಲ ಯಕ್ಕಾ, ಬಕೀಟಿನ ಅಂಗಿ. ತಿಕ್ಕಿ ತಿಕ್ಕಿ ನೀನ ಬಿಚ್ಚೀದಿ," ಅಂದೆ.

ಆಕೆ ನನ್ನ ಕೊರಳಪಟ್ಟಿಯಿಂದ ಕೆಳಗಿನತನಕ ನೋಡಿದಳು. "ಅದಕ್ಕ ನೀವು ನಿಮ್ಮ ಅಂಗಿ ಒಗಸಂಗಿಲ್ಲೇನ್ರಿ ಸಾವ್ಕಾರ್ರ?"

ಬಕೀಟು ಮಾತ್ರ ಬದಲಿಸಿ ಕೊಡಲಿಲ್ಲ.

ಹನಮಪ್ಪ ಮತ್ತು ಗರಗಸ

ಎರಡನೆಯದು ಡೋಣಿಯ ಬಡಿಗೇರ ಅಜ್ಜನ ಗರಗಸ. ಮಹಾನವಮಿಯ ಆಯುಧಪೂಜೆಗೆ, ಅಂದರೆ ನಮ್ಮ ಖಂಡೇಪೂಜೆಗೆ, ಅದನ್ನು ತೊಳೆದು, ಒರೆಸದೆ, ನಿಂಬೆಹಣ್ಣು ಹಿಂಡಿ, ವಿಭೂತಿ ಬಳಿದು, ಹಸಿ ಹೂವು ಹೇರಿ ಇಟ್ಟಿದ್ದ. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟಬಾರದು. ಮುಟ್ಟುವ ಹೊತ್ತಿಗೆ ಗರಗಸವೇ ಕುಂಕುಮದ ಬಣ್ಣಕ್ಕೆ ತಿರುಗಿತ್ತು.

"ನಿಮ್ಮ ಗರಗಸ ಒಂದು ಪೂಜಿಗೆ ತಡೀಲಿಲ್ಲರಿ," ಅಂದ.

ತೊಳೆದ ಮೇಲೆ ಒರೆಸಿ ಬಿಸಿಲಿಗಿಡು, ಕುಸುಬಿ ಎಣ್ಣೆ ಸವರು, ಆಮೇಲೆ ಕುಂಕುಮ ಏರಿಸು ಎಂದು ಹೇಳಿದೆ. ಶಾಸ್ತ್ರದಲ್ಲಿ ಎಣ್ಣೆ ಇಲ್ಲವೆಂದು ಅಜ್ಜ ತಲೆ ಅಲ್ಲಾಡಿಸಿದ.

"ಶನಿವಾರ ಶನಿವಾರ ಹನಮಪ್ಪಗ ಎಣ್ಣಿ ಸುರೀತಿ. ಅವಗ ಎಂದರ ತುಕ್ಕು ಹಿಡದೈತೇನು?"

ಅಜ್ಜ ಗರಗಸದ ತುಕ್ಕನ್ನು ಬೆರಳಲ್ಲಿ ಒರೆಸಿ ನನಗೇ ತೋರಿಸಿದ. "ಹನಮಪ್ಪ ಕಲ್ಲಿನಾವ ಅದಾನಲ್ರಿ."

ಗರಗಸ ತೂಗುಹಾಕಲು ನಾನೇ ಏಣಿ ಹತ್ತಿದೆ. ಅಲ್ಲಿ ನಿಂತರೆ ಅವನ ಮುಖ ನೋಡುವುದು ತಪ್ಪುತ್ತಿತ್ತು.

ಎರಡು ಸರಕಾರ, ಒಂದು ತಗಡು

ಮೂರನೆಯದು ಸರಕಾರಿ ಮಾಲು. ಕರ್ನಾಟಕ ಒಂದಾಗಿ ನಾವು ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದಾಗ, ಒಂದು ಕಚೇರಿಯ ಹಳೆಯ ಬೋರ್ಡಿಗೆ ಹೊಸ ಹೆಸರು ಬರೆಯಬೇಕಾಯಿತು. ಆ ತಗಡು ಹಿಂದೆ ನಾನೇ ಕೊಟ್ಟದ್ದು. ಮೇಲಿನ ತುಕ್ಕನ್ನು ಉಸುಕಿನ ಕಾಗದದಿಂದ ಕೆರೆದು, ತುಕ್ಕು ಮತ್ತೆ ಏಳದಂತೆ ಒಂದು ಕೈ ಸಿಂಧೂರದ ಬಣ್ಣ ಕೊಟ್ಟು, ಆಮೇಲೆ ಬರೆಸಿರೆಂದು ಹೆಡ್‌ಕ್ಲಾರ್ಕ್ ರಾಯರಿಗೆ ಹೇಳಿದೆ. ಒಳಗಿನದು ಯಾರಿಗೆ ಕಾಣುತ್ತದೆಂದು ಅವರು ತುಕ್ಕಿನ ಮೇಲೆಯೇ ಬಣ್ಣ ಬಳಿಸಿದರು.

ತುಕ್ಕು ಒಳಗೊಳಗೇ ಹಬ್ಬಿತು. ಮರುವರ್ಷದ ಮಳೆಗೆ ಮೈಸೂರು ಹಕ್ಕಳಿಕೆಯಾಗಿ ಉದುರಿ ಅಡಿಯಲ್ಲಿದ್ದ ಮುಂಬಯಿ ಸರಕಾರ ಮತ್ತೆ ಎದ್ದು ನಿಂತಿತು. ರಾಯರು ಸಿಟ್ಟಾಗಿ, ತಗಡೇ ಹುಳುಕೆಂದು ಬೋರ್ಡನ್ನು ನನಗೇ ಮರಳಿ ಕಳಿಸಿದರು. ನಾನು ಬಕೀಟು, ಗರಗಸ ಸರಿಸಿ ಅದನ್ನು ನಟ್ಟನಡುವೆ ತೂಗುಹಾಕಿದೆ.

ಸಂತೆಯ ದಿನ ಶಿಗ್ಲಿಯ ಮುದುಕನೊಬ್ಬ ಬಾವಿಯ ಅರ್ಜಿ ಹಿಡಿದು ಒಳಗೆ ಬಂದ. ಅವನಿಗೆ ಓದು ಬಾರದು, ಮುಂಬಯಿ ಸರಕಾರದ ಹಳೆಯ ಬೋರ್ಡಿನ ಗುರುತೇ ಆಧಾರ. ಇದು ಕಬ್ಬಿಣದ ಅಂಗಡಿ ಎಂದರೂ ಕೇಳಲಿಲ್ಲ.

"ಸಾಹೇಬ್ರು ಊಟಕ್ಕ ಹೋಗಿರಬೇಕು, ಬರಲಿ," ಎಂದು ಮೊಳೆಯ ಪೆಟ್ಟಿಗೆಯ ಮೇಲೆ ಕುಳಿತ.

ಅಷ್ಟರಲ್ಲಿ ಸುದ್ದಿ ತಿಳಿದು ರಾಯರೇ ಬಂದರು. "ಸಾವ್ಕಾರ್ರ, ಸರಕಾರದ ಮರ್ಯಾದಿ ಹೊಂಟೈತಿ. ಬೋರ್ಡು ಇಳಸ್ರಿ."

"ನನ್ನ ತಗಡಿನ ಮರ್ಯಾದಿ ಅದಕ್ಕಿಂತ ಮೊದಲ ಹೋಗೇತಿ. ತಗಡು ಛಲೋ ಐತಂತ ಸಂತಿ ಮುಂದ ಹೇಳ್ರಿ, ಇಳಸ್ತೇನಿ."

"ನಾ ಮ್ಯಾಲೆ ಬರೀತೇನಿ."

"ಬರೀರಿ. ಯಾವ ಸರಕಾರಕ್ಕ ಬರೀತೀರಿ?"

ಹೊರಗೆ ನಿಂತ ಸಂತೆ ನಕ್ಕಿತು. ಎದುರು ಅಂಗಡಿಯವನೂ ತಕ್ಕಡಿ ಬಿಟ್ಟು ಬಂದಿದ್ದ. ರಾಯರು ಬೆವರು ಒರೆಸಿಕೊಂಡು, ತಗಡಿನದೇನೂ ತಪ್ಪಿಲ್ಲ, ಕೆರೆಯದೆ ಬಣ್ಣ ಬಳಿಸಿದ್ದು ತಮ್ಮದೇ ತಪ್ಪು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ಮಾತಿನಂತೆ ಬೋರ್ಡು ಇಳಿಸಿದೆ. ಅದೇ ರೂಪದಲ್ಲಿ ಹೊತ್ತು ಪೇಟೆ ದಾಟಲು ಅವರಿಗೆ ನಾಚಿಕೆ. ಉಸುಕಿನ ಕಾಗದ ಕೊಟ್ಟೆ. ಕೋಟಿನ ತೋಳು ಏರಿಸಿ, ಅಂಗಡಿಯಲ್ಲೇ ಕುಕ್ಕರಗಾಲಲ್ಲಿ ಕುಳಿತು ಅಕ್ಷರ ಕೆರೆಯತೊಡಗಿದರು.

ಆಗ ಪೆಟ್ಟಿಗೆಯ ಮೇಲಿನ ಮುದುಕ ಎದ್ದು ಬಂದು, ಭಕ್ತಿಯಿಂದ ಕೈಮುಗಿದು ಅರ್ಜಿ ಮುಂದೆ ಹಿಡಿದ.

"ಸಾಹೇಬ್ರ, ಮುಂಬಯಿ ಸರಕಾರ ಪೂರಾ ಅಳಿಸೂದ್ರಾಗ ನಂದೊಂದು ಸಹಿ ಮಾಡಿ ಬಿಡ್ರಿ."