ಲೆಕ್ಕಕ್ಕೆ ಬಾರದ ನಡುಕ

ಮನೋರೋಗ ವಿಭಾಗದ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ವಿರಾಜಮಾನವಾಗಿರುವ, ಮಾತ್ರೆಯ ಚಟ ಯಾರಿಗಿದೆ ಯಾರಿಗಿಲ್ಲವೆಂದು ಹನ್ನೊಂದೇ ಪ್ರಶ್ನೆಗಳಲ್ಲಿ ತೀರ್ಮಾನಿಸುವ ಮಾನ್ಯ ಪಟ್ಟಿಯವರೇ,

ಕೋಟು ಹೊಲಿಯುವ ದರ್ಜಿಯೊಬ್ಬಳ ಸವಿನಯ ನಮಸ್ಕಾರಗಳು. ನಿನ್ನೆಯಿಂದ ಒಂದು ಮಾತ್ರೆ ಕಡಿಮೆ ಮಾಡಿರುವುದರಿಂದ ಅಕ್ಷರಗಳು ಸಾಲು ಬಿಟ್ಟು ಓಡುತ್ತಿವೆ, ಕ್ಷಮೆಯಿರಲಿ.

ಅಂಗಡಿಗೆ ಬೆಂಕಿ ಬಿದ್ದ ವರ್ಷ ನನ್ನ ಎದೆ ಢವಗುಟ್ಟುವುದು ನಿಲ್ಲದಾಗ ತಮ್ಮ ಡಾಕ್ಟರು, “ಹದಿನೈದು ದಿನ ತಗೊಳ್ಳಿ, ಸಾಕು” ಎಂದು ಮನಸ್ಸು ತಣಿಸುವ ಮಾತ್ರೆ ಬರೆದುಕೊಟ್ಟರು. ಆ ಹದಿನೈದು ದಿನಕ್ಕೆ ಈಗ ಒಂಬತ್ತು ವರ್ಷ. ಒಂದನ್ನು ಮೂರಕ್ಕೆ ಏರಿಸಿದವರೂ ಅವರೇ. ನಾನಾಗಿ ಒಂದು ಚೂರೂ ಹೆಚ್ಚು ನುಂಗಿದವಳಲ್ಲ. ಈಗ ಒಂದು ಹೊತ್ತು ತಪ್ಪಿದರೆ ಮೈಯೆಲ್ಲ ಬೆವರು, ಬೆರಳೆಲ್ಲ ನಡುಕ, ಗಿರಾಕಿಯ ಬಟ್ಟೆಗೆ ದೇವರೇ ಗತಿ. ಇಪ್ಪತ್ತಾರು ವರ್ಷ ಮನೆಗೆ ಅನ್ನ ಹಾಕಿದ ಕೈ ಇದು. ನನಗೆ ಭಯವಾಗುತ್ತಿದೆ.

ಬಿಡಿಸಿಕೊಡಿ ಎಂದು ತಮ್ಮ ವಾರ್ಡಿಗೆ ಬಂದರೆ, ತಮ್ಮ ಹನ್ನೊಂದು ಪ್ರಶ್ನೆಗಳಲ್ಲಿ ಎರಡು ಅಂಕ ಬಂದವರಿಗಷ್ಟೇ ಹಾಸಿಗೆ ಎಂದರು ನರ್ಸಮ್ಮ. ಬಿಡಲು ಹೋಗಿ ಸೋತದ್ದಕ್ಕೆ ಒಂದು ಅಂಕ ಸಿಕ್ಕಿತು. ಮಾತ್ರೆ ಏರಿಸಬೇಕಾಗಿ ಬಂದದ್ದು, ಬಿಟ್ಟರೆ ನಡುಗುವುದು ಇವನ್ನೂ ಹೇಳಿದೆ. ಅಷ್ಟರಲ್ಲಿ ತಮ್ಮ ಅಡಿಟಿಪ್ಪಣಿ ಅವರ ಕಣ್ಣಿಗೆ ಬಿತ್ತು: ಡಾಕ್ಟರು ಹೇಳಿದಂತೆ ನುಂಗಿದವರಿಗೆ ಇವೆರಡೂ ಲೆಕ್ಕಕ್ಕಿಲ್ಲ. “ಮೈ ಒಗ್ಗಿಕೊಂಡಿದೆ ಅಷ್ಟೇ ಕಣಮ್ಮ, ನಿಮಗೆ ಚಟ ಇಲ್ಲ, ಖುಷಿಪಡಿ” ಎಂದು ಕಳಿಸಿದರು.

ಆಹಾ, ಎಂಥ ದೊಡ್ಡ ಮನಸ್ಸು ತಮ್ಮದು! ಇದೇ ಮಾತ್ರೆಯನ್ನು ನನ್ನ ತಂಗಿ ನನ್ನ ಡಬ್ಬಿಯಿಂದ ಕದ್ದು ನುಂಗಿ, ನನ್ನಂತೆಯೇ ಬಿಡಲಾರದೆ ನಡುಗಿದ್ದರೆ ಅವಳಿಗೆ ಅಂಕ, ಹಾಸಿಗೆ, ಆರೈಕೆ. ಹೇಳಿದ ಮಾತು ಕೇಳಿದ ನನಗೆ ಶಭಾಷ್‌ಗಿರಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ಕಂಡಿದ್ದೆ. ಚಿವುಟಿದ್ದು ನಾವೇ ಆದ್ದರಿಂದ ಅಳು ಲೆಕ್ಕಕ್ಕಿಲ್ಲ ಎನ್ನುವವರನ್ನು ಈಗಲೇ ಕಂಡದ್ದು.

ಆದಕಾರಣ ತಾವು ಗೋಡೆಯಿಂದಿಳಿದು ಬಂದು, ಆ ಅಡಿಟಿಪ್ಪಣಿಯನ್ನು ನನ್ನ ಹತ್ತು ಬೆರಳುಗಳಿಗೂ ಖುದ್ದಾಗಿ ಓದಿ ಹೇಳಬೇಕಾಗಿ ವಿನಂತಿ. ನನ್ನ ಮಾತನ್ನು ಅವು ಕೇಳುತ್ತಿಲ್ಲ. ಆಗದಿದ್ದರೆ ಎರಡನೆಯ ಅಂಕಕ್ಕೆ ಏನು ಮಾಡಲಿ, ತಿಳಿಸಿ. ಮಾತ್ರೆಯಿಂದಾಗಿ ಮನೆಯಲ್ಲಿ ಜಗಳವಾದರೂ ಒಂದು ಅಂಕವಂತೆ. “ಯಾವತ್ತು ಶುರು ಮಾಡೋಣ ಹೇಳು” ಎಂದು ನನ್ನ ಗಂಡ ತೋಳೇರಿಸಿ ಕಾಯುತ್ತಿದ್ದಾರೆ.

ಚಟವಿಲ್ಲವೆಂದು ತಮ್ಮಿಂದಲೇ ಪ್ರಮಾಣಿತಳಾದ,
ತಮ್ಮ ವಿಶ್ವಾಸಿ,
ಕೋಟಿನಕ್ಕ

ವಿ.ಸೂ.: ಹದಿನೈದು ದಿನದ ಚೀಟಿ ಬರೆದ ಡಾಕ್ಟರು ಹೊಲಿಯಲು ಕೊಟ್ಟಿದ್ದ ಬಿಳಿ ಕೋಟು ಸಿದ್ಧವಾಗಿದೆ. ಎಡತೋಳು ಎರಡಂಗುಲ ಗಿಡ್ಡ, ಗುಂಡಿಗೂ ಕಾಜಕ್ಕೂ ಮುಖಾಮುಖಿಯಿಲ್ಲ. ಅವರ ಮಾತ್ರೆಯನ್ನು ಅವರು ಹೇಳಿದಂತೆಯೇ ನುಂಗಿದ ಕೈ ಹೊಲಿದದ್ದಾದ್ದರಿಂದ, ಸೊಟ್ಟಗಿರುವುದು ಲೆಕ್ಕಕ್ಕಿಲ್ಲ. ಖುಷಿಪಟ್ಟು ತೊಟ್ಟುಕೊಳ್ಳಲು ಹೇಳಿ.